ಪಟ್ಟಿ ಬಂತೆಂದು ಪುಟ ಮಗುಚಬೇಡಿ

ಬೈಬಲ್ಲನ್ನು ಸಾಹಿತ್ಯವಾಗಿ ಓದಲು ಹೊರಟ ವಿದ್ಯಾರ್ಥಿಗೆ ನಮ್ಮ ಮೇಷ್ಟ್ರುಗಳು ಕೊಡುವ ಸಲಹೆ ಒಂದೇ: ಆದಿಕಾಂಡ ಓದು, ಯೋಬನನ್ನು ಓದು, ಕೀರ್ತನೆ, ಪರಮಗೀತ ಓದು, ಉಳಿದದ್ದನ್ನು ಬಿಡು. ಯಾಜಕಕಾಂಡದ ಬಲಿನಿಯಮ, ಅರಣ್ಯಕಾಂಡದ ಜನಗಣತಿ, ಪೂರ್ವಕಾಲವೃತ್ತಾಂತದ ಮೊದಲ ಒಂಬತ್ತು ಅಧ್ಯಾಯಗಳ ವಂಶಾವಳಿ, ಇವೆಲ್ಲ ಒಣ ಭಾಗಗಳಂತೆ. ಸಲಹೆಯೇನೋ ಕರುಣೆಯದೇ. ಆದರೆ ಹಪ್ಪಳ, ಪಾಯಸ ಮಾತ್ರ ತಿಂದು ಎದ್ದವನು ಊಟದ ವಿಮರ್ಶೆ ಬರೆಯಬಾರದು.

ಬೇಸರವಾಗುವುದಿಲ್ಲ ಎಂದು ಸುಳ್ಳು ಹೇಳಲಾರೆ. ಅರಣ್ಯಕಾಂಡದ 7ನೇ ಅಧ್ಯಾಯದಲ್ಲಿ ಹನ್ನೆರಡು ಕುಲದ ಮುಖಂಡರು ಹನ್ನೆರಡು ದಿನ ಒಂದೇ ಕಾಣಿಕೆ ತರುತ್ತಾರೆ. ಬೆಳ್ಳಿಯ ತಟ್ಟೆ, ಬೆಳ್ಳಿಯ ಬೋಗುಣಿ, ಧೂಪದ ಚಿನ್ನದ ಪಾತ್ರೆ ಎಂದು ಹನ್ನೆರಡು ಸಲವೂ ಪೂರ್ತಿ ಬರೆದಿದೆ. ನಾಲ್ಕನೆಯ ದಿನಕ್ಕೇ ನನಗೆ ತೂಕಡಿಕೆ. ದಿನಕ್ಕಿಷ್ಟು ಅಧ್ಯಾಯವೆಂದು ಗುರಿಯಿಟ್ಟು ನುಂಗುವವರೂ ಓದುತ್ತಿಲ್ಲ ಬಿಡಿ, ಲೆಕ್ಕ ಒಪ್ಪಿಸುತ್ತಿದ್ದಾರೆ.

ಪಟ್ಟಿಯನ್ನು ಕಥೆಯಂತೆ ಓದಿದರೆ ಸೋಲು ಖಂಡಿತ. ದಫ್ತರದಂತೆ ಓದಿ, ಪೆನ್ಸಿಲ್ ಹಿಡಿದು. ಅರಣ್ಯಕಾಂಡದ 1ನೇ ಅಧ್ಯಾಯದಲ್ಲಿ ಒಂದು ಗಣತಿ, 26ರಲ್ಲಿ ಇನ್ನೊಂದು. ನಡುವೆ ಸುಮಾರು ನಲವತ್ತು ವರ್ಷ. ಒಟ್ಟು 6,03,550 ಇದ್ದದ್ದು 6,01,730 ಆಗಿದೆ, ದೊಡ್ಡ ವ್ಯತ್ಯಾಸವೇನಲ್ಲ. ಆದರೆ ಸಿಮೆಯೋನ್ ಕುಲ 59,300ರಿಂದ 22,200ಕ್ಕೆ ಕುಸಿದಿದೆ. ಏಕೆ? ಪಟ್ಟಿ ಬಾಯಿ ಬಿಡುವುದಿಲ್ಲ. ಹಿಂದಿನ ಅಧ್ಯಾಯದಲ್ಲಿ ವ್ಯಾಧಿಗೆ 24,000 ಜನ ಸತ್ತಿದ್ದಾರೆ, ಅಲ್ಲಿ ಹೆಸರು ಹಿಡಿದು ಹೇಳಿದ ತಪ್ಪಿತಸ್ಥ ಸಿಮೆಯೋನ್ ಕುಲದವನು. ಎರಡನ್ನೂ ಜೋಡಿಸಬೇಕೋ ಬೇಡವೋ ಎಂಬುದು ಓದುಗನ ಪಾಲಿನ ಕೆಲಸ.

ಇದೇ 26ರಲ್ಲಿ, ಸಾಲು ಸಾಲು ಗಂಡಸರ ನಡುವೆ, ಚಲ್ಪಹಾದನಿಗೆ ಗಂಡುಮಕ್ಕಳಿಲ್ಲ ಎಂದು ಹೇಳಿ ಐವರು ಹೆಣ್ಣುಮಕ್ಕಳ ಹೆಸರು ಬರೆದಿದೆ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಭೂಮಿ ಹಂಚುವುದು ಈ ಗಣತಿಯ ಮೇಲೆಯೇ. ಆದ್ದರಿಂದ ಮುಂದಿನ ಅಧ್ಯಾಯದಲ್ಲಿ ಆ ಐವರು ಮೋಶೆ, ಯಾಜಕ, ಮುಖಂಡರು, ಇಡೀ ಸಮೂಹದ ಎದುರು ಬಂದು ನಿಲ್ಲುತ್ತಾರೆ. ಮಗನಿಲ್ಲವೆಂದು ಅಪ್ಪನ ಹೆಸರೇಕೆ ಅಳಿಯಬೇಕು, ನಮಗೂ ಪಾಲು ಕೊಡಿ ಎಂದು ಕೇಳುತ್ತಾರೆ. ಅವರ ಮಾತು ನ್ಯಾಯವೆಂದು ದೇವರ ತೀರ್ಪು. ಗಣತಿಯನ್ನು ಹಾರಿಸಿ ಬಂದವರಿಗೆ ಈ ಕೇಳಿಕೆಯ ಬಿಸಿ ತಟ್ಟುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಕುಲದ ಹಿರಿಯರು ತಕರಾರು ತಂದು, ಆ ಹುಡುಗಿಯರು ಕುಲದೊಳಗೇ ಮದುವೆಯಾಗಬೇಕೆಂಬ ಷರತ್ತನ್ನೂ ಸೇರಿಸಿಸುತ್ತಾರೆ. ಆಸ್ತಿ ಜಗಳ ಕಂಡ ಯಾವ ಮನೆಗೂ ಇದು ಹೊಸದಲ್ಲ.

ಇನ್ನು 31ನೇ ಅಧ್ಯಾಯ. ಮಿದ್ಯಾನರ ಮೇಲಿನ ಯುದ್ಧ ಮುಗಿದು ಕೊಳ್ಳೆಯ ಲೆಕ್ಕ ನಡೆದಿದೆ. ಕುರಿ 6,75,000. ದನ 72,000. ಕತ್ತೆ 61,000. ಅದರ ಕೆಳಗೆ, ಗಂಡಸಿನ ಸಂಗ ಅರಿಯದ ಹೆಣ್ಣುಗಳು 32,000. ಅವರ ತಾಯಂದಿರನ್ನೂ ತಮ್ಮಂದಿರನ್ನೂ ಕೊಲ್ಲಲು ಆಗಲೇ ಅಪ್ಪಣೆಯಾಗಿದೆ. ಒಬ್ಬಳಿಗೂ ಹೆಸರಿಲ್ಲ, ಲೆಕ್ಕದಲ್ಲಿ ಕತ್ತೆಗಳ ನಂತರದ ಸ್ಥಾನ. ನಾಲ್ಕೇ ಅಧ್ಯಾಯದ ಹಿಂದೆ ಐವರು ಹೆಣ್ಣುಮಕ್ಕಳ ಮಾತನ್ನು ನ್ಯಾಯವೆಂದ ಪುಸ್ತಕವೇ ಇದು.

ಅಂಕಿಅಂಶವೆಂದು ಇದನ್ನು ಹಾರಿಸಿದ ಭಕ್ತನಿಗೆ ತನ್ನ ಗ್ರಂಥದೊಡನೆ ಜಗಳವಾಡುವ ಪ್ರಮೇಯವೇ ಬರುವುದಿಲ್ಲ. ಹಾರಿಸಿದ ನಿಂದಕನಿಗೆ ಮಹ್ಲಾ, ತಿರ್ಚಾ ಎದುರಾಗುವುದಿಲ್ಲ. ಮೇಷ್ಟ್ರ ಆಯ್ದ ಭಾಗಗಳ ಝೆರಾಕ್ಸಿನಲ್ಲಂತೂ ಎರಡೂ ಇಲ್ಲ.