ಮಳೆಯ ನಡೆ ತಪ್ಪಿದಾಗ

ಮದುವೆಯ ಮನೆಯಲ್ಲಿ ತಾಂಬೂಲದ ತಟ್ಟೆ ಮುಂದೆ ಬಂದಾಗ, ಅದರಲ್ಲಿರುವ ಅಡಿಕೆಯ ಹೋಳಿಗೆ ಎಷ್ಟು ಮಳೆ, ಎಷ್ಟು ಬಿಸಿಲು ಬೇಕಾಯಿತೆಂದು ಯೋಚಿಸುವವರು ಕಡಮೆ. ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ತೋಟಿಗರಿಗಾದರೋ ವರ್ಷದ ಬದುಕೆಲ್ಲವೂ ಆ ಲೆಕ್ಕದ ಮೇಲೆಯೇ ನಿಂತಿದೆ.

ಮಲೆನಾಡು ಮಳೆಗೆ ಅಂಜುವ ನಾಡಲ್ಲ. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಇವೆರಡೂ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳ ಸಾಲಿಗೆ ಸೇರಿದವು. ಮೃಗಶಿರೆಗೆ ಮೊದಲಾಗಿ, ಆರಿದ್ರೆ ಪುನರ್ವಸುಗಳಲ್ಲಿ ಏರಿ, ಪುಷ್ಯ ಆಶ್ಲೇಷೆಗಳಲ್ಲಿ ಹೊಳೆ ತುಂಬಿಸುವ ಮಳೆಯ ಕ್ರಮವನ್ನು ನಂಬಿಯೇ ಹಿರಿಯರು ತೋಟ ಕಟ್ಟಿದರು. ಮಳೆ ಹೆಚ್ಚಾದರೆ ತಾಳಿಕೊಳ್ಳಬಹುದು. ಹೊತ್ತು ತಪ್ಪಿದರೆ ತಾಳುವುದು ಕಷ್ಟ.

ಏಕೆಂದರೆ ಮಳೆಯೊಡನೆ ಕೊಳೆರೋಗವೂ ಬರುತ್ತದೆ. ಬಿಡದೆ ಸುರಿಯುವ ಮಳೆ, ನಡುನಡುವೆ ಇಣುಕುವ ಬಿಸಿಲು, ಇಷ್ಟು ಸಾಕು: ಎಳೆಯ ಕಾಯಿಗಳು ಕೊಳೆತು ಮರದ ಬುಡಕ್ಕೆ ಉದುರುತ್ತವೆ. ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಕಾಪಾಡುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದ ಬೋರ್ಡೋ ದ್ರಾವಣ ಅಡಿಕೆಯ ಗೊನೆಗೂ ಏರಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಔಷಧವೇನೋ ಸರಳ. ಆದರೆ ಅದನ್ನು ಮುಂಗಾರಿನ ಆರಂಭಕ್ಕೆ ಒಮ್ಮೆ, ಸುಮಾರು ನಲವತ್ತು ದಿನಗಳ ಬಳಿಕ ಮತ್ತೊಮ್ಮೆ ಸಿಂಪಡಿಸಬೇಕು. ಸಿಂಪಡಿಸಿದ್ದು ಗೊನೆಯ ಮೇಲೆ ಒಣಗಬೇಕು. ಕೆಲವು ಗಂಟೆಗಳ ಹೊಳವು ದೊರೆಯದಿದ್ದರೆ ಮರ ಹತ್ತಿದ ಶ್ರಮವೆಲ್ಲ ನೀರಿನ ಪಾಲು.

ಮಳೆಯ ನಡೆ ಈಗ ಅಂಥದೇ ಆಗಿದೆ. 2021ರ ನವೆಂಬರಿನಲ್ಲಿ, ಕೊಯ್ಲಿನ ಕಾಲದಲ್ಲಿ, ರಾಜ್ಯದಲ್ಲೆಲ್ಲ ಅಕಾಲದ ಮಳೆ ಸುರಿಯಿತು. ಕೊಯ್ದು ಸುಲಿದು ಬೇಯಿಸಿದ ಅಡಿಕೆಗೆ ಆಗ ಬೇಕಾದದ್ದು ಬಿಸಿಲು. ಎರಡೇ ವರ್ಷಗಳ ಅನಂತರ, 2023ರ ಆಗಸ್ಟ್ ತಿಂಗಳು ದೇಶಕ್ಕೆ 1901ರಿಂದೀಚಿನ ಅತ್ಯಂತ ಒಣ ಆಗಸ್ಟ್ ಆಯಿತು. ಇವುಗಳ ನಡುವೆ ಎಲೆಚುಕ್ಕೆ ರೋಗವೂ ಹಬ್ಬಿತು. ಕೊಳೆ ಒಂದು ವರ್ಷದ ಫಸಲನ್ನು ಒಯ್ದರೆ, ಇದು ಸೋಗೆಯನ್ನೇ ಒಣಗಿಸಿ ಮರದ ಶಕ್ತಿಯನ್ನು ಕುಂದಿಸುತ್ತದೆ.

ಒಂದು ವರ್ಷದ ಮಳೆಯನ್ನು ನೋಡಿ ಹವಾಮಾನವೇ ಕೆಟ್ಟಿತೆನ್ನುವುದು ತರವಲ್ಲ. ಆದರೆ ಕಾರಣದ ಜಾಡು ಸ್ಪಷ್ಟವಾಗಿದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹೊರಬಲ್ಲ ತೇವ ಶೇಕಡಾ 7ರಷ್ಟು ಹೆಚ್ಚುತ್ತದೆ. ಅರಬ್ಬೀ ಸಮುದ್ರ ಬಿಸಿಯೇರುತ್ತಿದೆ. 1950ರಿಂದ 2015ರವರೆಗೆ ಮಧ್ಯಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾದುವೆಂದೂ, ಈ ಸಮುದ್ರದಿಂದ ನುಗ್ಗುವ ತೇವವೇ ಅದಕ್ಕೆ ಕಾರಣವೆಂದೂ 2017ರ ಒಂದು ಸಂಶೋಧನೆ ತೋರಿಸಿತು.

ಉತ್ತರ ಧ್ರುವದ ಕಡೆ ಈ ಬಿಸಿ ಇನ್ನೂ ವೇಗವಾಗಿ ಏರುತ್ತಿದೆ. ಅಲಾಸ್ಕದ ಶಿಷ್ಮರೆಫ್ ಎಂಬ ಪುಟ್ಟ ದ್ವೀಪಗ್ರಾಮದ ದಡವನ್ನು ಅಲೆಗಳಿಂದ ಕಾಯುತ್ತಿದ್ದ ಹಿಮ ತಡವಾಗಿ ಕಟ್ಟತೊಡಗಿತು, ನೆಲ ಕುಸಿಯಿತು. 2016ರಲ್ಲಿ ಊರವರು ಮತ ಹಾಕಿ ಊರು ಬಿಡುವುದೆಂದು ತೀರ್ಮಾನಿಸಿದರು. ಆ ಮತದ ಭಾರವೆಷ್ಟೆಂಬುದನ್ನು ಹೊಸನಗರಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಇಲ್ಲಿಯ ಮನೆ, ಗದ್ದೆ, ತೋಟಗಳು ಮುಳುಗಿದುವು. ಆ ನೀರಿನಿಂದ ನಗರಗಳ ದೀಪ ಹೊತ್ತಿತು. ಬಿಟ್ಟು ಬಂದವರಿಗೆ ಊರು ಮರಳಿ ದೊರೆಯಲಿಲ್ಲ.

ಹಾಗೆಂದು ತೋಟಿಗರು ಕೈಕಟ್ಟಿ ಕುಳಿತಿಲ್ಲ. ಬಸಿಗಾಲುವೆಗಳನ್ನು ಬಿಡಿಸಿಡುವುದು, ಉದುರಿದ ರೋಗದ ಕಾಯಿಗಳನ್ನು ಆರಿಸಿ ತೆಗೆಯುವುದು, ಮಳೆಯಿಂದ ಮರೆಯಾದ ಚಪ್ಪರದಲ್ಲಿ ಅಡಿಕೆ ಒಣಗಿಸುವುದು, ಇವೆಲ್ಲ ನಡೆದಿವೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳಿವೆ; ‘ವರುಣಮಿತ್ರ’ ಸಹಾಯವಾಣಿ ಹವಾಮಾನದ ಮುನ್ಸೂಚನೆ ಹೇಳುತ್ತದೆ. ಪಂಚಾಂಗದ ಪಕ್ಕದಲ್ಲಿ ಈ ಮುನ್ಸೂಚನೆಗೂ ಜಾಗ ದೊರೆತಿದೆ.

ಆದರೆ ಮಳೆಯನ್ನು ದಾರಿ ತಪ್ಪಿಸಿದ ಹೊಗೆ ಅಡಿಕೆ ತೋಟದಿಂದ ಎದ್ದದ್ದು ಅತ್ಯಲ್ಪ. ಶರಾವತಿಯ ಬೆಳಕಿನಲ್ಲಿ ಓದಿ ಬೆಳೆದ ನಗರದ ಸಂಸಾರಗಳು ದೀಪ, ಯಂತ್ರ, ವಾಹನಗಳ ಬಳಕೆಯಲ್ಲಿ ಹಿಡಿತ ತೋರಿದರೆ, ಅದು ಮಲೆನಾಡಿಗೆ ಸಲ್ಲಿಸುವ ಉಪಕಾರವಲ್ಲ. ಹಳೆಯ ಸಾಲದ ಒಂದು ಕಂತು.