ವಿಜ್ಞಾನವನ್ನು ತಿಳಿಯಹೇಳುವ ಉದ್ಯೋಗ

ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಮಗನೋ ಮಗಳೋ ಬಿ.ಎಸ್ಸಿ. ಮುಗಿಸಿದೊಡನೆ 'ಮುಂದೇನು?' ಎಂಬ ಪ್ರಶ್ನೆ ಏಳುತ್ತದೆ. ಬ್ಯಾಂಕಿನ ಪರೀಕ್ಷೆ, ಔಷಧ ಕಾರ್ಖಾನೆ, ಕಂಪ್ಯೂಟರ್ ಎಂಬ ಮೂರು ಬಾಗಿಲುಗಳಾಚೆ ನಾಲ್ಕನೆಯದೊಂದಿದೆ ಎಂಬುದು ಬಹುಮಂದಿಗೆ ತಿಳಿಯದು. ಅದು ವಿಜ್ಞಾನ ಸಂವಹನ. ಸಂಶೋಧಕನ ಪ್ರಬಂಧವನ್ನು ಓದಿ, ಅವನನ್ನು ಪ್ರಶ್ನಿಸಿ, ಜನಸಾಮಾನ್ಯರಿಗೆ ಅರ್ಥವಾಗುವಂತೆ ಬರೆಯುವುದು ಈ ಕೆಲಸ. ಲಂಡನ್ನಿನ ಇಂಪೀರಿಯಲ್ ಕಾಲೇಜು 1991ರಲ್ಲಿಯೇ ಈ ವಿಷಯದಲ್ಲಿ ಎಂ.ಎಸ್ಸಿ. ತರಗತಿ ಆರಂಭಿಸಿತು. ಹೊರದೇಶದ ವಿಶ್ವವಿದ್ಯಾನಿಲಯಗಳು ಇಂಥ ಬರಹಗಾರರಿಗಾಗಿ ಪ್ರತ್ಯೇಕ ಹುದ್ದೆಗಳನ್ನೇ ಇರಿಸಿಕೊಂಡಿವೆ.

ಇದು ಪುರುಸೊತ್ತಿನವರ ಹವ್ಯಾಸವಲ್ಲವೆ ಎಂದು ಕೇಳುವವರು ಸೂರತ್ತನ್ನು ನೆನೆಯಬೇಕು. 1994ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಲಕ್ಷಾಂತರ ಜನ ರೈಲು, ಬಸ್ಸುಗಳಲ್ಲಿ ಊರು ಬಿಟ್ಟರು. ಅನೇಕ ಖಾಸಗಿ ವೈದ್ಯರೂ ಬಾಗಿಲು ಮುಚ್ಚಿ ತೆರಳಿದರು. ಔಷಧದಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ಮುಗಿದುಹೋಯಿತು. ಆ ಮಾತ್ರೆ ಪ್ಲೇಗಿಗೆ ಸಲ್ಲುವ ಔಷಧವೇ ಸರಿ. ಆದರೆ ಯಾರು, ಎಷ್ಟು ದಿನ, ಯಾವ ಪ್ರಮಾಣದಲ್ಲಿ ನುಂಗಬೇಕೆಂದು ಬಲ್ಲವರು ಎಷ್ಟು ಮಂದಿ? ಸಕಾಲದಲ್ಲಿ ಚಿಕಿತ್ಸೆ ದೊರೆತರೆ ರೋಗ ವಾಸಿಯಾಗುತ್ತದೆ ಎಂಬ ಒಂದು ಮಾತನ್ನು ಗುಜರಾತಿಯಲ್ಲಿಯೂ, ಗಿರಣಿಗಳಲ್ಲಿ ದುಡಿಯುವ ವಲಸೆಗಾರರ ಭಾಷೆಗಳಲ್ಲಿಯೂ ನಂಬುವಂತೆ ಹೇಳಬಲ್ಲವರು ಅಂದು ಸಾಕಷ್ಟಿದ್ದಿದ್ದರೆ, ಭೀತಿ ಅಷ್ಟು ದೂರ ಓಡುತ್ತಿರಲಿಲ್ಲ. ರೋಗಕ್ಕಿಂತ ವದಂತಿಯ ವೇಗವೇ ಹೆಚ್ಚಾಗಿತ್ತು.

ಈ ವಿದ್ಯೆಗೆ ಅಹಮದಾಬಾದು ತವರು ಎಂದರೆ ಅತಿಶಯೋಕ್ತಿಯಾಗಲಾರದು. ವಿಕ್ರಮ ಸಾರಾಭಾಯಿಯವರು 1960ರ ದಶಕದಲ್ಲಿ ಇಲ್ಲಿ ಸಮುದಾಯ ವಿಜ್ಞಾನ ಕೇಂದ್ರವನ್ನು ಸ್ಥಾಪಿಸಿದರು. ಗುಜರಾತ್ ವಿಶ್ವವಿದ್ಯಾನಿಲಯದ ಎದುರಿಗಿರುವ ಆ ಕೇಂದ್ರ ಇಂದು ಅವರ ಹೆಸರನ್ನೇ ಹೊತ್ತಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಶಿಕ್ಷಣ, ಬೇಸಾಯ, ಆರೋಗ್ಯಗಳ ದೂರದರ್ಶನ ಕಾರ್ಯಕ್ರಮಗಳು ಪ್ರಸಾರವಾದದ್ದು ಈ ನಗರದ ಭೂಕೇಂದ್ರದ ಮೂಲಕ. ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಅಲ್ಲಿಗೆ ಹೋದದ್ದು ಕನ್ನಡ ಕಾರ್ಯಕ್ರಮ. ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ದುಡಿದ ಉಡುಪಿ ಕಡೆಯ ಯು.ಆರ್. ರಾವ್, ಇಲ್ಲಿಯ ಬಾಹ್ಯಾಕಾಶ ಉಪಯೋಗ ಕೇಂದ್ರದ ನಿರ್ದೇಶಕರಾಗಿದ್ದ ಹಾಸನ ಜಿಲ್ಲೆಯ ಕಿರಣ್ ಕುಮಾರ್ ಇವರ ಹೆಸರುಗಳನ್ನು ಕನ್ನಡಿಗರು ಸಮಾರಂಭಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ, ಹೇಳತಕ್ಕದ್ದೇ. ಆ ಹಳ್ಳಿಯ ಮಕ್ಕಳಿಗಾಗಿ ಕನ್ನಡದಲ್ಲಿ ಪಾಠ ಬರೆದವರು ಯಾರೆಂದು ಮಾತ್ರ ಯಾರೂ ವಿಚಾರಿಸುವುದಿಲ್ಲ!

ವಡೋದರೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ವಿಸ್ತರಣ ಹಾಗೂ ಸಂವಹನಕ್ಕೆಂದೇ ಒಂದು ವಿಭಾಗವಿದೆ. ಹಿಂದೆ ಗೃಹವಿಜ್ಞಾನವೆಂದು ಹೆಸರಿದ್ದ ನಿಕಾಯಕ್ಕೆ ಸೇರಿದ್ದರಿಂದಲೋ ಏನೋ, ಗಂಡುಮಕ್ಕಳ ತಂದೆತಾಯಿಗಳು ಅತ್ತ ತಿರುಗಿಯೂ ನೋಡುವುದಿಲ್ಲ. ಇದು ವಿಷಾದದ ಸಂಗತಿ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಶಾಲೆಯಲ್ಲಿ ಹಿಂದಿ, ಇಂಗ್ಲಿಷು ಕಲಿತ ಮಗು ಬೇರೆಯವರು ಹಣ ತೆತ್ತು ಸಂಪಾದಿಸಬೇಕಾದ ಬಂಡವಾಳವನ್ನು ಪುಕ್ಕಟೆಯಾಗಿ ಪಡೆದಿರುತ್ತದೆ. ಅದನ್ನು 'ಕನ್ನಡ ಓದಿ ಏನಾಗಬೇಕು?' ಎಂಬ ಒಂದು ಮಾತಿನಿಂದ ಹಿರಿಯರೇ ವಜಾ ಮಾಡಿಬಿಡುತ್ತಾರೆ. ಬೆಳ್ಳಾವೆ ವೆಂಕಟನಾರಣಪ್ಪನವರು ಶತಮಾನದ ಹಿಂದೆಯೇ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಹೊರಟರು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ದ ಸಂಪುಟಗಳನ್ನೇ ರಚಿಸಿದರು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಶಾಸ್ತ್ರದ ಕೃತಿಯಾಗಿಯೂ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು.

ಲಾಭದೊಂದಿಗೆ ನಷ್ಟದ ಬಾಬತ್ತನ್ನೂ ಹೇಳಬೇಕು. ಈ ಹುದ್ದೆಗಳು ಸಂಖ್ಯೆಯಲ್ಲಿ ಕಡಿಮೆ. ಅನೇಕವು ಎರಡು ಮೂರು ವರ್ಷಗಳ ಕರಾರಿನವು. ನಿವೃತ್ತಿ ವೇತನದ ಭರವಸೆಯನ್ನೇ ಮೊದಲು ಕೇಳುವ ಕುಟುಂಬಕ್ಕೆ ಇದು ಹಿಡಿಸದು. ಆದುದರಿಂದ ಮೊದಲು ಬೇರೊಂದು ಸಂಪಾದನೆಯನ್ನಿಟ್ಟುಕೊಂಡು ಬರೆಯಲಾರಂಭಿಸುವುದು ಮೇಲು. ಇಂಥ ಹುದ್ದೆಗಳಿಗೆ ಅರ್ಜಿ ಹಾಕುವವರಿಂದ ಅಂಕಪಟ್ಟಿಯ ಜೊತೆಗೆ ಬರಹದ ಮಾದರಿಗಳನ್ನೂ ಕೇಳುವುದುಂಟು. ಮಲೇರಿಯಾ ಸೊಳ್ಳೆ ಯಾವ ನೀರಿನಲ್ಲಿ ಮೊಟ್ಟೆಯಿಡುತ್ತದೆ, ಡೆಂಗೆಯದು ಯಾವ ನೀರಿನಲ್ಲಿ ಎಂಬುದನ್ನು ಹತ್ತನೆಯ ತರಗತಿ ಓದಿದವರಿಗೆ ತಿಳಿಯುವಂತೆ ಒಂದು ಪುಟದಲ್ಲಿ ಕನ್ನಡದಲ್ಲೊಮ್ಮೆ, ಗುಜರಾತಿಯಲ್ಲೊಮ್ಮೆ ಬರೆದು, ಆ ಪುಟವನ್ನು ನೆರೆಮನೆಯ ಅಜ್ಜಿಗೆ ಓದಿಹೇಳಿದರೆ ಮೊದಲ ಮಾದರಿ ಸಿದ್ಧವಾಗುತ್ತದೆ.