ಕಟ್ಟಡಗಳ ಬೆಳಕಿನ ನಿಯಂತ್ರಣ: ಕನ್ನಡ ಪರಿಭಾಷೆಯ ಕೆಲವು ಪ್ರಶ್ನೆಗಳು

ಕನ್ನಡದಲ್ಲಿ ಪಾರಿಭಾಷಿಕ ಪದರಚನೆಯ ಚರ್ಚೆ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರತಂದ ಕಾಲದಿಂದ ಡಿ.ಎನ್. ಶಂಕರ ಭಟ್ಟರ ಅಚ್ಚಗನ್ನಡ ಪದರಚನೆಯ ಪ್ರತಿಪಾದನೆಯವರೆಗೆ ಅದು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ತಿರುಗಿದೆ: ಪದವನ್ನು ಸಂಸ್ಕೃತದಿಂದ ತರಬೇಕೆ, ಕನ್ನಡ ಧಾತುವಿನಿಂದ ಕಟ್ಟಬೇಕೆ, ಇಂಗ್ಲಿಷಿನಿಂದ ಹಾಗೆಯೇ ಸ್ವೀಕರಿಸಬೇಕೆ? ಪದದ ಕುಲದ ಬಗ್ಗೆ ತೋರಿದ ಈ ಆಸಕ್ತಿಯನ್ನು, ಪದವು ಹೆಸರಿಸುವ ವಸ್ತು ಮಾಡುವ ಕೆಲಸದ ಬಗ್ಗೆ ವಿದ್ವಾಂಸರು ಅಷ್ಟಾಗಿ ತೋರಿಲ್ಲ. ಕಟ್ಟಡಗಳ ಬೆಳಕಿನ ನಿಯಂತ್ರಣದಂತಹ ಹೊಸ ಕ್ಷೇತ್ರಕ್ಕೆ ಬಂದಾಗ ಈ ಕೊರತೆ ಎದ್ದು ಕಾಣುತ್ತದೆ.

ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ ವಿದ್ಯುದ್ದೀಪ ಬಂದ ಮೇಲೆ ಸ್ವಿಚ್ಚು, ಬೋರ್ಡು, ಹೋಲ್ಡರು, ಕರೆಂಟು ಮುಂತಾದ ಪದಗಳು ಉಕಾರಾಂತವಾಗಿ ಕನ್ನಡದ ಮನೆಯೊಳಗೆ ಸೇರಿಕೊಂಡವು. ಅವುಗಳಿಗಾಗಿ ಯಾವ ಸಮಿತಿಯೂ ಕೂರಬೇಕಾಗಲಿಲ್ಲ. ದೀಪ ಹಾಕುವುದು, ಆರಿಸುವುದು ಎಂಬ ಎರಡು ಕ್ರಿಯೆಗಳು ಸಾಕಾಗಿದ್ದ ಕಾಲವದು. ಈಗ ಕಚೇರಿಯ ಮತ್ತು ತರಗತಿಯ ದೀಪ ತಾನೇ ಹೊತ್ತಿಕೊಳ್ಳುತ್ತದೆ, ತಾನೇ ತಗ್ಗುತ್ತದೆ. 2007ರಲ್ಲಿ ರೂಪುಗೊಂಡು 2017ರಲ್ಲಿ ಪರಿಷ್ಕೃತವಾದ ಕೇಂದ್ರದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ದೊಡ್ಡ ವಾಣಿಜ್ಯ ಕಟ್ಟಡಗಳಲ್ಲಿ ಇಂತಹ ಸ್ವಯಂಚಾಲಿತ ನಿಯಂತ್ರಣವನ್ನು ನಿಯಮವನ್ನಾಗಿಯೇ ಮಾಡಿದೆ. ಇದನ್ನು ಜೋಡಿಸುವ ಕೆಲಸಗಾರನಿಗೂ ಐ.ಟಿ.ಐ. ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗೂ ಕನ್ನಡದಲ್ಲಿ ವಿವರಿಸಬೇಕಾದಾಗ ಪದಗಳ ಅಭಾವಕ್ಕಿಂತ ಪದಗಳ ಗೊಂದಲವೇ ಹೆಚ್ಚು ಕಾಡುತ್ತದೆ.

ಒಂದು ಉದಾಹರಣೆಯನ್ನು ತುಸು ವಿವರವಾಗಿ ಪರಿಶೀಲಿಸಬಹುದು. ಆಕ್ಯುಪೆನ್ಸಿ ಸೆನ್ಸರ್, ವೇಕೆನ್ಸಿ ಸೆನ್ಸರ್ ಎಂಬ ಎರಡು ಹೆಸರುಗಳಿವೆ. ನಿಘಂಟನ್ನು ಮುಂದಿಟ್ಟುಕೊಂಡು ಕುಳಿತವರು ಇವನ್ನು ‘ಇರುವಿಕೆ ಸಂವೇದಕ’, ‘ಖಾಲಿತನ ಸಂವೇದಕ’ ಎಂದು ಅನುವಾದಿಸಿಯಾರು. ಆಗ ಒಂದು ಜನರನ್ನೂ ಇನ್ನೊಂದು ಜನರಿಲ್ಲದಿರುವುದನ್ನೂ ಗುರುತಿಸುವ ಎರಡು ಭಿನ್ನ ಉಪಕರಣಗಳೆಂದು ವಿದ್ಯಾರ್ಥಿ ತಿಳಿಯುತ್ತಾನೆ. ವಾಸ್ತವದಲ್ಲಿ ಉಪಕರಣ ಒಂದೇ ಆಗಿರಬಹುದು, ಭೇದವಿರುವುದು ನಡವಳಿಕೆಯಲ್ಲಿ. ಮೊದಲನೆಯದು ದೀಪವನ್ನು ತಾನೇ ಹಾಕಿ ತಾನೇ ಆರಿಸುತ್ತದೆ. ಎರಡನೆಯದರಲ್ಲಿ ಹಾಕುವವರು ಮನುಷ್ಯರು, ಆರಿಸುವುದು ಮಾತ್ರ ಯಂತ್ರ. ಹಗಲು ಬೆಳಕು ಸಾಕಷ್ಟಿರುವ ಕೋಣೆಯಲ್ಲಿ ವಿದ್ಯುತ್ ಉಳಿತಾಯಕ್ಕೆ ಎರಡನೆಯದೇ ಮೇಲು, ಏಕೆಂದರೆ ಬೇಡದ ದೀಪವನ್ನು ಯಾರೂ ಹಾಕುವುದಿಲ್ಲ. ‘ತಾನೇ ಹಾಕಿ ಆರಿಸುವ’, ‘ಆರಿಸಲು ಮಾತ್ರದ’ ಎಂಬ ವಿಶೇಷಣಗಳು ಕೇಳಲು ಒರಟಾದರೂ ಈ ಭೇದವನ್ನು ಹೇಳುತ್ತವೆ. ‘ಖಾಲಿತನ’ ಅದನ್ನು ಮರೆಮಾಡುತ್ತದೆ.

‘ಇರುವಿಕೆ’ಯೂ ಪೂರ್ತಿ ನಿಜವಲ್ಲ. ಸಾಮಾನ್ಯ ಅವಕೆಂಪು ಸೆನ್ಸರು ಅರಿಯುವುದು ಬಿಸಿ ದೇಹದ ಚಲನೆಯನ್ನು. ಗ್ರಂಥಾಲಯದಲ್ಲಿ ಅಲುಗಾಡದೆ ಓದುತ್ತ ಕುಳಿತವರು ಅದರ ಪಾಲಿಗೆ ಎದ್ದುಹೋದವರೇ. ಆದುದರಿಂದ ಅದನ್ನು ಚಲನೆಯ ಸೆನ್ಸರು ಎನ್ನುವುದೇ ಪ್ರಾಮಾಣಿಕ. ಇನ್ನು ‘ಸಂವೇದಕ’ದ ಮಾತು: ನವ್ಯ ವಿಮರ್ಶೆ ‘ಸಂವೇದನೆ’ಗೆ ಕೊಟ್ಟ ಭಾರವನ್ನು ಬಲ್ಲ ಕನ್ನಡ ಅಧ್ಯಾಪಕರಿಗೆ ಚಾವಣಿಯ ಈ ಪುಟ್ಟ ಡಬ್ಬಿಗೆ ಆ ಹೆಸರು ತುಸು ದೊಡ್ಡದೆನ್ನಿಸಿದರೆ ಆಶ್ಚರ್ಯವಿಲ್ಲ. ಸೆನ್ಸರು ಎಂದರೆ ಭಾಷೆಗೆ ನಷ್ಟವೇನೂ ಆಗದು. ಆದರೆ ಬರಿಯ ಎರವಲು ಪದದಿಂದ ಕೆಲಸ ಮುಗಿಯುವುದಿಲ್ಲ. ಬೆಳಕನ್ನು ಅಳೆಯುವುದೂ ಚಲನೆಯನ್ನು ಹಿಡಿಯುವುದೂ ಆಡುಮಾತಿನಲ್ಲಿ ಒಂದೇ ‘ಸೆನ್ಸರು’ ಆಗಿಬಿಟ್ಟಿವೆ.

ಅನುವಾದದ ಸರಾಗತೆಯೇ ದಾರಿ ತಪ್ಪಿಸುವ ಪ್ರಸಂಗವೂ ಉಂಟು. ಕಿಟಕಿಯಿಂದ ಹಗಲು ಬೆಳಕು ಬಂದಷ್ಟೂ ದೀಪವನ್ನು ತಗ್ಗಿಸುವ ವ್ಯವಸ್ಥೆಗೆ ಇಂಗ್ಲಿಷಿನಲ್ಲಿ ಡೇಲೈಟ್ ಹಾರ್ವೆಸ್ಟಿಂಗ್ ಎನ್ನುತ್ತಾರೆ. ‘ಮಳೆನೀರು ಕೊಯ್ಲು’ ಕನ್ನಡದಲ್ಲಿ ಚೆನ್ನಾಗಿ ಬೇರೂರಿರುವುದರಿಂದ ‘ಹಗಲು ಬೆಳಕಿನ ಕೊಯ್ಲು’ ಎಂಬುದು ನಾಲಗೆಯ ತುದಿಗೇ ಬರುತ್ತದೆ. ಆದರೆ ಮಳೆನೀರನ್ನು ತೊಟ್ಟಿಯಲ್ಲಿ ಕೂಡಿಡಬಹುದು, ನೆಲಕ್ಕೆ ಇಂಗಿಸಬಹುದು; ಇಲ್ಲಿ ಬೆಳಕನ್ನು ಯಾರೂ ಕೂಡಿಡುವುದಿಲ್ಲ. ಸೌರಫಲಕದ ಕೆಲಸದೊಂದಿಗೆ ಇದನ್ನು ಬೆರೆಸಿಕೊಳ್ಳಲು ‘ಕೊಯ್ಲು’ ಆಹ್ವಾನ ಕೊಟ್ಟಂತಾಗುತ್ತದೆ. ‘ಹಗಲು ಬೆಳಕಿಗೆ ಹೊಂದಿಕೆ’ ಎಂಬ ಸಪ್ಪೆ ಮಾತು ಇದಕ್ಕಿಂತ ಸಮರ್ಪಕ.

ಅಳತೆಯ ಪರಿಭಾಷೆಯಲ್ಲಿ ತೊಡಕು ಬೇರೆ ಬಗೆಯದು. ದೀಪದಿಂದ ಹೊರಡುವ ಒಟ್ಟು ಬೆಳಕನ್ನು ಲ್ಯೂಮೆನ್‌ನಲ್ಲಿಯೂ ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿಯೂ ಅಳೆಯುತ್ತಾರೆ. ಬಿಳಿ ಗೋಡೆಗೂ ಕರಿಹಲಗೆಗೂ ಒಂದೇ ಸಮನಾಗಿ 300 ಲಕ್ಸ್ ಬಿದ್ದರೂ ಕಣ್ಣಿಗೆ ಗೋಡೆಯೇ ಬೆಳ್ಳಗೆ ಕಾಣುವುದು ಮೂರನೆಯ ವಿಷಯ. ಪ್ರಕಾಶ, ದೀಪ್ತಿ, ದ್ಯುತಿ ಎಂಬ ತತ್ಸಮಗಳನ್ನು ಈ ಮೂರಕ್ಕೂ ಹಂಚಿಬಿಡುವುದು ಸುಲಭವೇ. ಆದರೆ ಯಾವುದಕ್ಕೆ ಯಾವುದು ಎಂಬುದನ್ನು ನೆನಪಿನಲ್ಲಿಡಲು ಆ ಪದಗಳೊಳಗೆ ಯಾವ ಸುಳಿವೂ ಇಲ್ಲ. ಬೀಸುಕಲ್ಲು, ತೂಗುಸೇತುವೆ, ತೂಗುದೀಪಗಳಂತೆ ಧಾತುವಿನ ಮುಂದೆ ನಾಮಪದವನ್ನಿಟ್ಟು ಸಮಾಸ ಮಾಡುವ ಕ್ರಮ ಕನ್ನಡದ್ದೇ. ಸೂಸುಬೆಳಕು, ಬೀಳುಬೆಳಕು, ಕಾಣುಬೆಳಕು ಎಂದರೆ ಹೆಸರೇ ಲಕ್ಷಣವನ್ನೂ ಹೇಳುತ್ತದೆ. ಒಂದು ದಿಕ್ಕಿಗೆ ಸೂಸುವ ಬೆಳಕಿನ ಅಳತೆಗೆ ‘ತೀವ್ರತೆ’ ಬಳಕೆಯಲ್ಲಿದೆ. ಅದನ್ನು ಕದಲಿಸಬೇಕಾದ ಅಗತ್ಯವಿಲ್ಲ.

ಡಿಮ್ಮರಿನ ಕೆಲಸಕ್ಕೆ ‘ಮಂದಗೊಳಿಸು’ ಎಂಬುದಕ್ಕಿಂತ ಲಾಟೀನಿನ ಬತ್ತಿಯನ್ನು ಕುರಿತು ಜನ ಆಡುತ್ತಿದ್ದ ಏರಿಸು, ಇಳಿಸು ಎಂಬ ಕ್ರಿಯಾಪದಗಳೇ ಸಾಕು. ಹೆಚ್ಚು ಯೋಚಿಸಬೇಕಾದುದು ‘ಸೀನ್’ ಕುರಿತು. ಹಲವು ದೀಪಗಳ ಮಟ್ಟಗಳನ್ನು ಒಟ್ಟಾಗಿ ನೆನಪಿನಲ್ಲಿಟ್ಟು ಒಂದು ಗುಂಡಿಯಿಂದ ಮರಳಿ ತರುವ ಜೋಡಣೆ ಇದು. ಡಾಲಿ ಎಂಬ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಪ್ರತಿ ದೀಪಸಾಧನವೂ ಇಂತಹ 16 ಜೋಡಣೆಗಳನ್ನು ಉಳಿಸಿಕೊಳ್ಳಬಲ್ಲದು. ಇದನ್ನು ‘ದೃಶ್ಯ’ವೆಂದರೆ ರಂಗಭೂಮಿ ಅಡ್ಡಬರುತ್ತದೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರವು 1980ರಿಂದ ಕನ್ನಡದಲ್ಲಿಯೇ ನಾಟಕವನ್ನು ಕಲಿಸುತ್ತ ಬಂದಿದೆ. ಒಂದೇ ದೃಶ್ಯದೊಳಗೆ ಬೆಳಕು ಹಲವು ಬಾರಿ ಬದಲಾಗುವುದನ್ನು ರಂಗದವರೆಲ್ಲ ಬಲ್ಲರು. ಇದಕ್ಕೆ ‘ಹದ’ ಎಂಬ ಪದ ಒದಗಬಹುದು. ಹದವು ಅಸ್ಪಷ್ಟ ಪದವೆಂಬ ಆಕ್ಷೇಪ ನಿಲ್ಲುವುದಿಲ್ಲ: ಬೆಲ್ಲದ ಪಾಕ ಹದ ಮೀರಿದರೆ ಏನಾಗುತ್ತದೆಂದು ಅಡುಗೆ ಮಾಡುವವರಿಗೆ ಖಚಿತವಾಗಿ ಗೊತ್ತು. ತರಗತಿಯ ಗೋಡೆಯಲ್ಲಿ ಈಗ 1, 2, 3 ಎಂದಷ್ಟೇ ಬರೆದಿರುವ ಗುಂಡಿಗಳ ಮೇಲೆ ಪಾಠದ ಹದ, ತೆರೆಯ ಹದ, ಪರೀಕ್ಷೆಯ ಹದ ಎಂದು ಬರೆದರೆ ಅಧ್ಯಾಪಕರು ಯಾರನ್ನೂ ಕೇಳದೆ ಒತ್ತಬಹುದು.